ಸಿಪಾಯಿ ಲೈನಿನಲ್ಲಿ ಪುದಿಯಾಪ್ಳೆ

ಜೀಪಿನ ಮುಂದಿನ ಸೀಟಿನಲ್ಲಿ ತನ್ನನ್ನು ಕೂರಿಸಿ, ಅರುವತ್ತು ದಾಟಿದ ಮಾವ ಹಸನಬ್ಬ ಹಿಂದಿನ ಅಡ್ಡಸೀಟಿನಲ್ಲಿ ಮೊಣಕಾಲು ಮಡಚಿ, ತೊಡೆಯ ಮೇಲೆ ತುಪ್ಪದನ್ನದ ಪಾತ್ರೆ ಇಟ್ಟುಕೊಂಡು ಕೂತದ್ದು ಅಝೀಮ್‌ನಿಗೆ ಸಿದ್ಧಕಟ್ಟೆಯಿಂದ ರಾಯಿಯವರೆಗೂ ಬೆನ್ನಿಗೆ ಚುಚ್ಚುತ್ತಲೇ ಇತ್ತು. ಪಾತ್ರೆ ನಾನು ಹಿಡ್ಕೊಳ್ತೇನೆ ಎಂದು ಎರಡು ಸಲ ಹೇಳಿಯಾಗಿತ್ತು. ಪುದಿಯಾಪ್ಳೆ ಪಾತ್ರೆ ಹೊತ್ತರೆ ಊರಿನವರು ನನ್ನ ಮುಖಕ್ಕೆ ಉಗಿಯುತ್ತಾರೆ ಎಂದು ಹಸನಬ್ಬ ನಕ್ಕುಬಿಟ್ಟಿದ್ದರು. ಪುದಿಯಾಪ್ಳೆ ಎಂದರೆ ಹೊಸ ಮದುಮಗ. ಮದುವೆಯಾದ ಹೊಸತರಲ್ಲಿ ಹೆಂಡತಿಯ ಮನೆಯಲ್ಲೇ ಉಳಿದು, ಒಂದು ಚೆಂಬು ನೀರನ್ನೂ ತಾನಾಗಿ ಎತ್ತದೆ, ದಿನಕ್ಕೊಂದು ಬಗೆಯ ತಿಂಡಿ ತಿಂದು, ಹೆಂಡತಿಯ ಅಣ್ಣತಮ್ಮಂದಿರು ಎಷ್ಟು ಕಾಲೆಳೆದರೂ ಹಲ್ಲು ಕಿರಿದುಕೊಂಡು ಇರಬೇಕಾದ ಪ್ರಾಣಿ. ಎರಡು ತಿಂಗಳಿನಿಂದ ಅವನು ಅದನ್ನೇ ಮಾಡುತ್ತಿದ್ದ. ಒಂದೊಂದು ತುತ್ತು ಇಳಿಯುವಾಗಲೂ ಇದು ಯಾರದೋ ಬಾಬ್ತಿನ ಊಟ, ತನ್ನ ಹೆಸರಿನ ಇನ್ನೊಬ್ಬ ಬಂದು ಎಬ್ಬಿಸಿಯಾನು ಅನ್ನಿಸುತ್ತಿತ್ತು. ಆ ಇನ್ನೊಬ್ಬ ಶಾರ್ಜಾದಲ್ಲಿ ಸೂಪರ್‌ವೈಸರ್. ಅವನಿಗೆ ಕಂಪೆನಿಯ ಫ್ಲ್ಯಾಟ್ ಉಂಟು. ಉಪವಾಸದ ನೋಂಬಿನ ತಿಂಗಳು ಕಳೆದ ಮೇಲೆ ಅವನು ಹೆಂಡತಿಯನ್ನು ಕರೆದುಕೊಂಡು ವಿಮಾನ ಹತ್ತುತ್ತಾನೆ.

ನಾಳೆ ಸೋಮವಾರ. ನಾಳೆ ಬೆಳಿಗ್ಗೆ ಮಂಗಳೂರಿಗೆ ಹೋಗಿ ಮಗಳು ರಶೀನಾಳ ಪಾಸ್‌ಪೋರ್ಟನ್ನು ವೀಸಾ ಏಜೆಂಟರ ಕೈಗೆ ಕೊಡುವುದೆಂದು ಹಸನಬ್ಬ ತೀರ್ಮಾನಿಸಿ, ಅಂಗಡಿ ನೋಡಿಕೊಳ್ಳಲು ಜನವನ್ನೂ ಗೊತ್ತು ಮಾಡಿದ್ದರು. ಏಜೆಂಟ್ ಮೊದಲು ಕೇಳುವುದೇ ಗಂಡನ ವೀಸಾ. ಅದು ಜುಲೈಯಲ್ಲೇ ರದ್ದಾಗಿದೆ. ಕಂಪೆನಿ ಬಾಗಿಲು ಹಾಕಿ ಎಲ್ಲರನ್ನೂ ಒಂದೇ ವಾರದಲ್ಲಿ ವಿಮಾನ ಹತ್ತಿಸಿದ್ದು ಅಝೀಮ್‌ನಿಗೆ ಬಿಟ್ಟು ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಸೂಪರ್‌ವೈಸರ್ ಎಂಬ ಮಾತು ಅವನದ್ದಲ್ಲ, ಮದುವೆ ಕುದುರಿಸಿದ ಸೋದರಮಾವ ಇಬ್ರಾಹಿಮನದ್ದು. ಅಝೀಮ್ ಅದನ್ನು ತಿದ್ದಲಿಲ್ಲ, ಅಷ್ಟೆ. ಆದರೆ ಫ್ಲ್ಯಾಟಿನ ಮಾತು ಅವನದ್ದೇ. ಮಾತುಕತೆಯ ದಿನ ಮುಂಡಾಜೆಯ ಅವನ ಮನೆಯ ಚಾವಡಿಯಲ್ಲಿ ಹಸನಬ್ಬ ಚಹಾದ ಲೋಟ ಕೆಳಗಿಟ್ಟು, ಹುಡುಗಿಯನ್ನು ಕರ್ಕೊಂಡು ಹೋದರೆ ಉಳಿಯಲಿಕ್ಕೆ ಜಾಗ ಉಂಟೋ ಎಂದು ಮೆಲ್ಲಗೆ ಕೇಳಿದಾಗ, ಎರಡು ಕೋಣೆ, ಒಂದು ಹಾಲ್ ಎಂದು ಅವನ ಬಾಯಿ ತಾನಾಗಿಯೇ ಹೇಳಿಬಿಟ್ಟಿತ್ತು. ಹೇಳಿದ ಮೇಲೆ ತನಗೇ ಆಶ್ಚರ್ಯವಾಗಿತ್ತು. ಪೂರ್ತಿ ಸುಳ್ಳು ಹೇಳಿದ ಹಾಗೂ ಆಗಿರಲಿಲ್ಲ.

ಆ ಫ್ಲ್ಯಾಟ್ ನಿಜಕ್ಕೂ ಇತ್ತು. ಶಾರ್ಜಾದಿಂದ ಆಚೆ, ದೇರಾದ ಒಂದು ಕಟ್ಟಡದಲ್ಲಿ, ಐದನೇ ಮಾಳಿಗೆಯಲ್ಲಿ. ಅದರ ಅಡುಗೆಮನೆಗೂ ಬಚ್ಚಲಿಗೂ ಟೈಲ್ಸ್ ಹಾಕಿದವನು ಅವನೇ. ಒಂದು ಮಧ್ಯಾಹ್ನ ಬಾಲ್ಕನಿಯಲ್ಲಿ ಕಾಲು ಚಾಚಿ ಕೂತು ಕುಬ್ಬೂಸ್ ರೊಟ್ಟಿ ತಿನ್ನುತ್ತಿದ್ದಾಗ ಇಂಜಿನಿಯರ್ ಬಂದು, ಸಿಮೆಂಟಿನ ಮೈ ಹೊತ್ತುಕೊಂಡು ಇಲ್ಲಿ ಕೂರ್ತೀಯಾ ಎಂದು ಬೂಟಿನಿಂದ ಅವನ ಊಟದ ಪೊಟ್ಟಣವನ್ನು ಮೆಟ್ಟಿಲ ಕಡೆಗೆ ತಳ್ಳಿದ್ದ. ರಶೀನಾ ಪ್ರತಿ ರಾತ್ರಿ ಆ ಮನೆಯನ್ನೇ ಕೇಳುತ್ತಾಳೆ. ಅಡುಗೆಮನೆಯ ಕಿಟಕಿ ಯಾವ ಕಡೆ, ಬಟ್ಟೆ ಒಣಗಿಸುವುದೆಲ್ಲಿ, ಮಸೀದಿಯ ಬಾಂಗ್ ಕೇಳುತ್ತದೋ ಇಲ್ಲವೋ. ಅವನು ಹೇಳುತ್ತಾ ಹೇಳುತ್ತಾ ಖುಷಿಪಡುತ್ತಾನೆ. ಅದೇ ಅವನಿಗೆ ಹೇಸಿಗೆ. ಆ ಅಡುಗೆಮನೆಯಲ್ಲಿ ಮನಸ್ಸಿನಲ್ಲೇ ಮಸಾಲೆ ಡಬ್ಬಗಳಿಗೆ ಜಾಗ ಮಾಡಿದ್ದಾಳೆ ಅವಳು, ತಾಯಿ ನಫೀಸಮ್ಮನಿಗೆ ಹೇಳಿ ಪರದೆಗೆ ಬಟ್ಟೆ ತರಿಸಿದ್ದಾಳೆ. ಮೊನ್ನೆ ಅವನು ಬಾಲ್ಕನಿ ಪಡುವಣಕ್ಕೆ ಅಂದಿದ್ದಕ್ಕೆ, ಮೊದಲು ಮೂಡಣ ಅಂದಿದ್ದಿರಿ ಎಂದಳು. ಅಲ್ಲಿ ಸೂರ್ಯ ಎಲ್ಲ ಕಡೆಯಿಂದಲೂ ಬರುತ್ತಾನೆ ಎಂದು ಏನೋ ಹೇಳಿ ಗೋಡೆಯ ಕಡೆ ಹೊರಳಿದ್ದ.

ಬಂಟ್ವಾಳದ ಹಳೇ ಪೇಟೆಯ ತುದಿಯಲ್ಲಿ, ನೇತ್ರಾವತಿಯ ಕಡೆಗೆ ಇಳಿಯುವ ಓಣಿಯ ಬಾಯಿಯಲ್ಲಿ ಜೀಪು ನಿಂತಿತು. ಓಡಿಸುತ್ತಿದ್ದವನು ರಶೀನಾಳ ಅಣ್ಣ ಅಸ್ಕರ್. ಅವಳ ತಂಗಿ ಫಿದಾಳಿಗೆ ಕಾಲೇಜಿನಲ್ಲಿ ಯಾವುದಾದರೂ ಹಳೆಯ ಕಟ್ಟಡ ನೋಡಿ ಬರೆದುಕೊಂಡು ಬರಲು ಹೇಳಿದ್ದರು. ಪುದಿಯಾಪ್ಳೆಯನ್ನು ಒಂದು ಕಡೆ ತಿರುಗಾಡಿಸಿದ ಹಾಗೂ ಆಯಿತು ಎಂದು ಹಸನಬ್ಬ ಎರಡನ್ನೂ ಒಂದು ಮಾಡಿ ಎಲ್ಲರನ್ನೂ ಹೊರಡಿಸಿದ್ದರು. ಮಂಡಿನೋವಿನ ನಫೀಸಮ್ಮ ಮಾತ್ರ ಊಟ ಕಟ್ಟಿಕೊಟ್ಟು ಮನೆಯಲ್ಲೇ ಉಳಿದಿದ್ದರು. ಸಿಪಾಯಿ ಲೈನು ಎಂದು ಜನ ಕರೆಯುವ ಆ ಕಟ್ಟಡ ಹೊರಗಿನಿಂದ ನೋಡಿದರೆ ಹೆಂಚಿನ ಕಾರ್ಖಾನೆಯಂತೆ ಉದ್ದಕ್ಕೆ ಬಿದ್ದುಕೊಂಡಿತ್ತು. ಕೆಂಪು ಕಲ್ಲಿನ ಗೋಡೆ, ಎತ್ತರದಲ್ಲಿ ಸಣ್ಣ ಸಣ್ಣ ಕಿಟಕಿ, ಅವಕ್ಕೆ ಕಬ್ಬಿಣದ ಸರಳು. ನಡುವೆ ಒಂದಷ್ಟು ಕಾಲ ಯಾರೋ ಹೊಗೆಸೊಪ್ಪು ದಾಸ್ತಾನು ಇಟ್ಟಿದ್ದರಂತೆ. ಬೀಗದ ಕೈ ಇದ್ದದ್ದು ಜತ್ತಪ್ಪ ಎಂಬ ಕಾವಲಿನವನ ಹತ್ತಿರ. ಅವನು ಎಲೆಯಡಿಕೆ ಉಗಿದು ಬಂದು, ಇದು ಕಂಪೆನಿಯವರ ಕಾಲದ್ದು ಎಂದ. ಅಸ್ಕರ್ ಟಿಪ್ಪುವಿನದ್ದು ಎಂದ. ಇಬ್ಬರೂ ತುಳುವಿನಲ್ಲಿ ತುಸು ಹೊತ್ತು ಜಗ್ಗಾಡಿದರು. ಯಾರು ಕಟ್ಟಿದರೂ ಮಲಗಿದವರು ಸಿಪಾಯಿಗಳೇ ಅಲ್ಲವೋ ಎಂದು ಹಸನಬ್ಬ ರಾಜಿ ಮಾಡಿಸಿದರು.

ಕಂಪೆನಿ ಎಂಬ ಮಾತು ಕೇಳಿದ್ದೇ ಅಝೀಮ್ ಎರಡು ಹೆಜ್ಜೆ ಹಿಂದುಳಿದ. ಬಾಗಿಲು ತೆರೆದಾಗ ಬಾವಲಿಯ ವಾಸನೆ ಬಂತು. ಅದರ ಹಿಂದಿನಿಂದ, ಇಲ್ಲದೇ ಇದ್ದ ಇನ್ನೊಂದು ವಾಸನೆ: ಒಣಗದ ಟವೆಲು, ತಳ ಹಿಡಿದ ಬೇಳೆ, ಯಾರೋ ಬೆನ್ನಿಗೆ ಉಜ್ಜಿಕೊಂಡ ಮುಲಾಮು. ಇಲ್ಲಿ ನೂರು ವರ್ಷದಿಂದ ಮನುಷ್ಯರು ಮಲಗಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಉದ್ದನೆಯ ಕೋಣೆ. ಎರಡೂ ಗೋಡೆಗೆ ತಾಗಿ ಸೊಂಟದೆತ್ತರದ ಕಲ್ಲಿನ ಜಗಲಿ, ನಡುವೆ ನಡೆದಾಡಲು ಓಣಿ. ಜಗಲಿಯ ಮೇಲೆ ಒಬ್ಬೊಬ್ಬನ ಪಾಲು ಗೊತ್ತಾಗಲು ಉಳಿಯಿಂದ ಗೀರಿದ ಗೆರೆಗಳು. ಗೆರೆಯಿಂದ ಗೆರೆಗೆ ಇದ್ದ ಅಗಲವನ್ನು ಅವನ ಕಣ್ಣು ತಟ್ಟನೆ ಅಳೆದು ಮುಗಿಸಿತು. ಮಗ್ಗುಲು ಬದಲಿಸಬಹುದು, ಆದರೆ ಇಬ್ಬರೂ ಒಟ್ಟಿಗೆ ಬದಲಿಸಬೇಕು. ಬಾಗಿಲ ಹತ್ತಿರದ ಜಾಗ ರಾತ್ರಿ ಪಾಳಿಯವನದ್ದು, ಅವನು ಯಾರನ್ನೂ ಎಬ್ಬಿಸದೆ ಬಂದು ಬೀಳುವುದಕ್ಕೆ. ಕಿಟಕಿಯ ಕೆಳಗಿನದ್ದು ಎಲ್ಲರೂ ಆಸೆಪಡುವ ಜಾಗ, ಮೊದಲ ಚಳಿಗಾಲದವರೆಗೆ. ಇಷ್ಟೆಲ್ಲ ತನಗೆ ಯಾರೂ ಕೇಳದೆಯೇ ಹೊಳೆಯುತ್ತಿರುವುದು ಕಂಡು ಅವನು ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿ, ನೋಡಲು ಬಂದವನ ಹಾಗೆ ತಲೆಯೆತ್ತಿ ಮಾಡು ನೋಡತೊಡಗಿದ.

ಫಿದಾ ಜತ್ತಪ್ಪನನ್ನು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡುತ್ತಿದ್ದಳು. ಒಂದು ಕೋಣೆಯಲ್ಲಿ ಎಷ್ಟು ಜನ, ಊಟ ಎಲ್ಲಿ, ಸ್ನಾನ ಎಲ್ಲಿ. ಕುರಿಗಳನ್ನು ಸಹ ನಾವು ಹೀಗೆ ಕೂಡುವುದಿಲ್ಲ ಎಂದು ಅಸ್ಕರ್ ನಕ್ಕ. ಇವರಿಗೆಲ್ಲ ಮನೆಯಲ್ಲಿ ಹೆಂಡತಿ ಮಕ್ಕಳು ಇರಲಿಲ್ಲವೋ, ಯಾಕೆ ಬಂದು ಇಲ್ಲಿ ಬಿದ್ದರೋ ಎಂದ. ಅಝೀಮ್‌ನಿಗೆ ಅವನ ಕೆನ್ನೆಗೆ ಬಾರಿಸಿಬಿಡಬೇಕು ಎನ್ನುವಷ್ಟು ಕೋಪ ಬಂತು, ಬಂದ ಕೋಪಕ್ಕೆ ಹೆದರಿಕೆಯೂ ಆಯಿತು. ಅಸ್ಕರ್ ಕೆಟ್ಟವನೇನಲ್ಲ, ವಿಮಾನದ ದಿನ ಹೊಸ ಟಯರು ಹಾಕಿಸಿ ಇದೇ ಜೀಪಿನಲ್ಲಿ ಬಜಪೆಗೆ ಬಿಡುತ್ತೇನೆ ಎಂದು ಮಾತು ಕೊಟ್ಟವನು. ಫಿದಾ ಕೇಳಿದಳು: ಇಷ್ಟು ಹತ್ತಿರ ಮಲಗಿದರೆ ಒಬ್ಬರ ಉಸಿರು ಒಬ್ಬರ ಮುಖಕ್ಕೆ ಬರುವುದಿಲ್ಲವೋ? ಜತ್ತಪ್ಪ ಅದೆಲ್ಲ ನನಗೆ ಗೊತ್ತಿಲ್ಲ ಎಂದು ತಲೆ ಕೆರೆದುಕೊಂಡ.

"ಒಬ್ಬ ಬಿಟ್ಟು ಒಬ್ಬ ತಿರುಗಿ ಮಲಗುವುದು," ಎಂದ ಅಝೀಮ್. "ಒಬ್ಬನ ತಲೆ ಇರುವಲ್ಲಿ ಇನ್ನೊಬ್ಬನ ಕಾಲು. ಕೆಮ್ಮುವವನನ್ನು ಮೂಲೆಗೆ ಹಾಕ್ತಾರೆ."

ಹೇಳಿದ ಮೇಲೆಯೇ ಹೇಳಿದ್ದು ಅವನಿಗೆ ಕೇಳಿಸಿತು. ಫಿದಾ ಹೌದಲ್ಲ ಎಂದು ಬರೆದುಕೊಂಡಳು. ಅಸ್ಕರ್, ಸೂಪರ್‌ವೈಸರ್ ಅಲ್ಲವೋ, ಜನ ಜೋಡಿಸುವುದು ಗೊತ್ತಿರ್ತದೆ ಎಂದು ಬೆನ್ನು ತಟ್ಟಿದ. ಬದುಕಿದೆ ಎಂದುಕೊಂಡ ಅಝೀಮ್. ಆದರೆ ರಶೀನಾ ಅಲ್ಲೇ, ಜಗಲಿಯ ಗೆರೆಯೊಂದರ ಮೇಲೆ ಬೆರಳಾಡಿಸುತ್ತಾ, ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಅವನನ್ನೇ ನೋಡುತ್ತಿದ್ದಳು. ಬಾಲ್ಕನಿ ಮೂಡಣ ಅಂದಿದ್ದಿರಿ ಎಂದ ರಾತ್ರಿಯೂ ಅವಳ ಕಣ್ಣು ಹೀಗೆಯೇ ಇತ್ತು. ಅದರಲ್ಲಿ ಸಂಶಯಕ್ಕಿಂತ ಹೆಚ್ಚಾಗಿ ಲೆಕ್ಕ ತಪ್ಪಿದ ಮಗುವಿನ ಗಲಿಬಿಲಿ ಇತ್ತು. ಅವಳು ಹೀಗೆ ನೋಡುವುದಕ್ಕಿಂತ ಬೈದರೆ ವಾಸಿ.

ಅಷ್ಟರಲ್ಲಿ ಅಸ್ಕರ್‌ನಿಗೆ ತಮಾಷೆ ಹೊಳೆದುಬಿಟ್ಟಿತ್ತು. ಪುದಿಯಾಪ್ಳೆ ಸಿಪಾಯಿಯ ಹಾಗೆ ಜಗಲಿಯ ಮೇಲೆ ಮಲಗಬೇಕು, ಫಿದಾ ಫೋಟೋ ತೆಗೆಯಬೇಕು, ಆ ಫೋಟೋವನ್ನು ಫ್ಲ್ಯಾಟಿನ ಹಾಲ್‌ನಲ್ಲಿ ತೂಗಹಾಕಬೇಕು. ಫಿದಾ ಕ್ಯಾಮೆರಾ ಎತ್ತಿಕೊಂಡಳು. ಅಝೀಮ್ ಬಟ್ಟೆ ಕೊಳೆಯಾಗುತ್ತದೆ ಎಂದ. ಹೊಸ ಬಟ್ಟೆ ತೆಗೆದುಕೊಡುವ ಎಂದ ಅಸ್ಕರ್. ಬೇಡ ಮಾರಾಯ ಎಂದ. ಹೆದರಿಕೆಯೋ ಎಂದ ಅಸ್ಕರ್. ಹಸನಬ್ಬ ಬಾಗಿಲ ಹತ್ತಿರ ನಿಂತು ನಗುತ್ತಿದ್ದರು. ಪುದಿಯಾಪ್ಳೆಯ ಕಾಲೆಳೆಯುವುದು ಹುಡುಗರ ಹಕ್ಕು, ಅದರಲ್ಲಿ ದೊಡ್ಡವರು ಬಾಯಿ ಹಾಕಬಾರದು, ಪುದಿಯಾಪ್ಳೆ ಮುಖ ಊದಿಸಿಕೊಳ್ಳಬಾರದು. ಇನ್ನು ಹೆಚ್ಚು ಬೇಡ ಎಂದರೆ ಯಾಕೆ ಬೇಡ ಎಂಬ ಪ್ರಶ್ನೆ ಹುಟ್ಟುತ್ತದೆ. ಒಂದು ನಿಮಿಷ. ಮಲಗುವುದು, ಏಳುವುದು, ಎಲ್ಲರೂ ನಗುವುದು, ಊಟಕ್ಕೆ ಹೋಗುವುದು. ಅವನು ಶೂ ಬಿಚ್ಚಿ ಕೈಯಲ್ಲಿ ಹಿಡಿದು ಜಗಲಿ ಹತ್ತಿದ. ಕಲ್ಲು ತಣ್ಣಗಿತ್ತು. ಮೈ ಚಾಚಿದ ಕೂಡಲೇ ಒಂದು ವಿಚಿತ್ರ ನಡೆಯಿತು. ಎರಡು ತಿಂಗಳಿನಿಂದ ಬಿಗಿದುಕೊಂಡಿದ್ದ ಅವನ ಕುತ್ತಿಗೆ, ಹೆಗಲು, ಸೊಂಟ ಒಂದೊಂದಾಗಿ ಸಡಿಲಾದವು. ಇಲ್ಲಿ ಯಾರೂ ಅವನನ್ನು ಏನೂ ಕೇಳುವುದಿಲ್ಲ. ಎಡಗಡೆ ಕಾಸರಗೋಡಿನವನು ಗೊರಕೆ ಹೊಡೆಯುತ್ತಾನೆ, ಬಲಗಡೆ ಬಿಹಾರಿನ ಹುಡುಗ ನಿದ್ದೆಯಲ್ಲಿ ಅಮ್ಮನ ಹತ್ತಿರ ಮಾತಾಡುತ್ತಾನೆ, ಬೆಳಿಗ್ಗೆ ನಾಲ್ಕಕ್ಕೆ ಬಸ್ಸು. ಅವನು ಮೊಣಕಾಲು ಎದೆಗೆ ಮಡಚಿ, ಗೋಡೆಗೆ ಮುಖ ಮಾಡಿ, ಒಂದು ತೋಳನ್ನು ಕಣ್ಣ ಮೇಲೆ ಅಡ್ಡ ಇಟ್ಟುಕೊಂಡ.

ಕ್ಯಾಮೆರಾ ಕ್ಲಿಕ್ಕೆನ್ನಲಿಲ್ಲ. ನಗು ಕೂಡ ನಿಂತಿತ್ತು. ಭಾವ, ಶೂ, ಎಂದು ಫಿದಾಳ ಸಣ್ಣ ಸ್ವರ ಕೇಳಿಸಿತು. ಅಝೀಮ್ ಕಣ್ಣು ತೆರೆದ. ಎರಡೂ ಶೂಗಳನ್ನು ಒಂದರ ಮೇಲೊಂದು ಮಗುಚಿ ತಲೆಯಡಿಗೆ ಇಟ್ಟುಕೊಂಡಿದ್ದ. ಕೆನ್ನೆ ಶೂವಿನ ಅಟ್ಟೆಗೆ ತಾಗಿತ್ತು. ಯಾವಾಗ ಇಟ್ಟ, ಗೊತ್ತಿಲ್ಲ. ಶಾರ್ಜಾದಲ್ಲಿ ಅವನಿದ್ದ ಕೂಲಿಕಾರರ ಕ್ಯಾಂಪಿನಲ್ಲಿ ಶೂ ಕಳೆದುಕೊಂಡವನನ್ನು ಬೆಳಿಗ್ಗೆ ಬಸ್ಸಿಗೆ ಹತ್ತಿಸುತ್ತಿರಲಿಲ್ಲ. ನೆಲದ ಮೇಲೆ ಬಿಟ್ಟ ಶೂ ಬೆಳಗಾಗುವುದರೊಳಗೆ ಇನ್ನೊಬ್ಬನ ಕಾಲಿನಲ್ಲಿ ಇರುತ್ತಿತ್ತು. ಎಲ್ಲರೂ ಶೂವಿನ ಮೇಲೆಯೇ ತಲೆಯಿಟ್ಟು ಮಲಗುತ್ತಿದ್ದರು. ಮನೆಯ ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟು ಕಾಲು ತೊಳೆದು ಒಳಗೆ ಬರುವ ಈ ಜನರೆದುರು, ಟೊಪ್ಪಿ ಇಡುವ ತಲೆಯ ಕೆಳಗೆ ಮೆಟ್ಟು ಇಟ್ಟುಕೊಂಡು ಪುದಿಯಾಪ್ಳೆ ಮಲಗಿದ್ದ. ಅವನು ತಮಾಷೆಗೆ ಎಂದು ಹೇಳಬಹುದಿತ್ತು.

ಹಸನಬ್ಬ ಬಾಗಿಲು ಬಿಟ್ಟು ನಾಲ್ಕು ಹೆಜ್ಜೆ ಒಳಗೆ ಬಂದಿದ್ದರು. ಅವರ ಮುಖದಲ್ಲಿದ್ದ ನಗು ಎಲ್ಲಿಗೋ ಹೋಗಿ, ಅಳಿಯ ಮೊದಲ ಸಲ ನೋಡುತ್ತಿರುವ ಬೇರೊಂದು ಮುಖ ಅಲ್ಲಿತ್ತು. ಪಾತ್ರೆ ಅಂಗಡಿ ಇಡುವ ಮೊದಲು, ಹುಡುಗನಾಗಿದ್ದಾಗ, ಅವರು ಬೊಂಬಾಯಿಯಲ್ಲಿ ಏಳು ವರ್ಷ ಇದ್ದದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿ ಏನು ಮಾಡುತ್ತಿದ್ದರು ಎಂದು ಅವರು ಯಾರಿಗೂ ಹೇಳಿದವರಲ್ಲ. ಅವರು ಕೈ ಚಾಚಿ ಕ್ಯಾಮೆರಾದ ಕಣ್ಣನ್ನು ಮುಚ್ಚಿದರು.

"ಮಲಗಿದವರ ಫೋಟೋ ತೆಗೆಯುವುದು ಬೇಡ," ಎಂದರು. ಅಸ್ಕರ್‌ನಿಗೆ ಊಟದ ಪಾತ್ರೆ ಇಳಿಸಲು ಹೇಳಿ, ಫಿದಾಳ ಹೆಗಲು ಹಿಡಿದು ಹೊರಗೆ ನಡೆಸಿಕೊಂಡು ಹೋದರು. ಜತ್ತಪ್ಪನನ್ನೂ ಕರೆದುಕೊಂಡು ಹೋದರು. ಅಳಿಯನ ಕಡೆಗೆ ತಿರುಗಿ ನೋಡಲಿಲ್ಲ. ಅದು ಕೋಪವೋ ಮರ್ಯಾದೆಯೋ ಅಝೀಮ್‌ನಿಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದಾದರೂ ಅವನಿಗೆ ತಡೆದುಕೊಳ್ಳಲು ಆಗುವಂತಿರಲಿಲ್ಲ.

ಅವನು ಎದ್ದು ಕೂತು ಶೂ ಹಾಕಿಕೊಳ್ಳಲು ನೋಡಿದ. ರಶೀನಾ ಎದುರಿನ ಜಗಲಿಗೆ ಒರಗಿ ನಿಂತಿದ್ದಳು. ಏನಾದರೂ ಹೇಳಬೇಕು ಎಂದು ಅವನು ಒದ್ದಾಡಿದ. ಕ್ಯಾಂಪಿಗೆ ಸೂಪರ್‌ವೈಸರ್‌ಗಳೂ ಹೋಗಿ ನೋಡಿಕೊಂಡು ಬರಬೇಕಾಗುತ್ತದೆ ಎಂದು ಒಂದು ಸುಳ್ಳು ಆಗಲೇ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅದು ಚೆನ್ನಾಗಿಯೂ ಇತ್ತು. ಅವಳು ನಂಬುತ್ತಿದ್ದಳೋ ಏನೋ.

"ಮನೆಯಲ್ಲಿ ಸಹ ನೀವು ಹೀಗೇ ಮಲಗುವುದು," ಎಂದಳು ರಶೀನಾ. "ಅಷ್ಟು ದೊಡ್ಡ ಮಂಚ ಉಂಟು. ಮೂಲೆಯಲ್ಲಿ ಮುದುಡಿಕೊಂಡು. ನನ್ನ ಮೇಲೆ ಇಷ್ಟ ಇಲ್ಲವೋ ಅಂತ ನಾನು ಇಷ್ಟು ದಿನ ಹೆದರ್ತಾ ಇದ್ದೆ."

ನಾಲಿಗೆಯ ತುದಿಯ ಸುಳ್ಳು ಅಲ್ಲಿಯೇ ಸತ್ತಿತು. ತನ್ನ ಸುಳ್ಳು ಸಿಕ್ಕಿಬೀಳುತ್ತದೆ ಎಂದು ಅವನು ಗೋಡೆಯ ಕಡೆ ಹೊರಳುತ್ತಿದ್ದ ಆ ಎಲ್ಲ ರಾತ್ರಿಗಳಲ್ಲಿ, ಪಕ್ಕದಲ್ಲಿ ಇವಳು ಎಚ್ಚರವಾಗಿದ್ದು ತನ್ನಲ್ಲೇ ಏನೋ ಊನ ಹುಡುಕುತ್ತಿದ್ದಳು. ಅದು ಅವನಿಗೆ ಹೊಳೆದೇ ಇರಲಿಲ್ಲ.

"ಅಲ್ಲಿ ಒಂದು ಕೋಣೆಯಲ್ಲಿ ಎಷ್ಟು ಜನ ಇದ್ದಿರಿ?"

"ಹದಿನಾಲ್ಕು."

"ಹಾಗಾದರೆ ನಾನು ಬಂದ ಮೇಲೆ ನನ್ನನ್ನು ಎಲ್ಲಿ ಮಲಗಿಸುವುದು ಅಂತ ಇಟ್ಟಿದ್ದಿರಿ?"

ಅವಳು ಚುಚ್ಚಲೆಂದು ಕೇಳಿರಲಿಲ್ಲ. ನಿಜವಾಗಿಯೂ ಅವಳಿಗೆ ಅದು ತಿಳಿಯಬೇಕಿತ್ತು. ಅಝೀಮ್ ಕೋಣೆಯ ಉದ್ದಕ್ಕೂ ನೋಡಿದ, ಆ ಗೆರೆಗಳ ನಡುವೆ ಎಲ್ಲಾದರೂ ಒಂದು ಹೆಂಗಸಿಗೆ ಜಾಗ ಇರಬಹುದೋ ಎನ್ನುವ ಹಾಗೆ. ಆ ಜಾಗವೂ ಈಗ ಇಲ್ಲ ಎಂದ. ಕಂಪೆನಿ ಮುಚ್ಚಿದ್ದು, ವೀಸಾ ರದ್ದಾದದ್ದು, ಮದುವೆಗೆ ಮೊದಲೇ ಆದದ್ದು, ನಾಳೆ ಏಜೆಂಟರಲ್ಲಿಗೆ ಹೋದರೆ ಅವಳ ಉಪ್ಪ ಹಸನಬ್ಬ ನಾಲ್ಕು ಜನರೆದುರು ತಲೆ ತಗ್ಗಿಸಬೇಕಾಗುವುದು, ಎಲ್ಲ ಹೇಳಿದ. ತಾನು ಸೂಪರ್‌ವೈಸರ್ ಅಲ್ಲ, ಟೈಲ್ಸ್ ಹಾಕುವವನು ಎಂದ. ಹೇಳುತ್ತಾ ಹೋದ ಹಾಗೆ ಸ್ವರ ಗಟ್ಟಿಯಾಯಿತು. ಸಾಲ ಕೇಳಲು ಬಂದವನು ಕೊನೆಗೆ ನಾಚಿಕೆ ಬಿಟ್ಟು ಮಾತಾಡುವಂತೆ ಮಾತಾಡಿದ. ಉಪ್ಪನಿಗೆ ನಾನೇ ಹೇಳ್ತೇನೆ, ಈಗಲೇ, ಊಟಕ್ಕೆ ಮೊದಲು ಎಂದ. ಹಿರಿಯರು ಏನು ತೀರ್ಮಾನ ಮಾಡಿದರೂ, ನಿನ್ನನ್ನು ಮನೆಯಲ್ಲೇ ಉಳಿಸಿಕೊಂಡು ನನ್ನನ್ನು ಮುಂಡಾಜೆಗೆ ಕಳಿಸಿದರೂ, ನಾನು ಎದುರು ಮಾತಾಡುವುದಿಲ್ಲ ಎಂದ. ರಶೀನಾ ಎಲ್ಲದಕ್ಕೂ ಗಟ್ಟಿಯಾಗಿ ನಿಂತೇ ಇದ್ದಳು. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅದರಿಂದ ಅವನಿಗೆ ಇನ್ನಷ್ಟು ಭಯವಾಯಿತು.

"ಮತ್ತೆ ಆ ಮನೆ?" ಎಂದು ಕೇಳಿದಳು. "ಅಡುಗೆಮನೆಗೆ ಬಿಳಿ ಟೈಲ್ಸು, ಒಂದೊಂದು ಸಾಲಿಗೆ ನೀಲಿ ಹೂವು ಅಂದಿರಿ. ಬಾಲ್ಕನಿಯಿಂದ ಕೈ ಚಾಚಿದರೆ ಖರ್ಜೂರದ ಗರಿ ಸಿಗ್ತದೆ ಅಂದಿರಿ. ಅದು ಇಲ್ಲವೇ ಇಲ್ಲವೋ?"

"ಉಂಟು," ಎಂದ ಅಝೀಮ್. "ಹೂವಿನ ಸಾಲು ನಾನೇ ಕೂರಿಸಿದ್ದು."

ಹೊರಗೆ ಅಸ್ಕರ್ ಚಾಪೆ ಕೊಡಹುತ್ತಿದ್ದ ಸದ್ದು ಕೇಳುತ್ತಿತ್ತು.

"ಈಗ ಅದರಲ್ಲಿ ಯಾರು ಇದ್ದಾರೆ?"

ಗೊತ್ತಿಲ್ಲ ಎಂದ. ಕೆಲಸ ಮುಗಿದ ಮೇಲೆ ಕಟ್ಟಡದ ಒಳಗೆ ನಮ್ಮನ್ನು ಬಿಡುವುದಿಲ್ಲ ಎಂದ. ಆಗ ರಶೀನಾ ಅತ್ತಳು. ವೀಸಾ ಹೋದದ್ದಕ್ಕೆ ಅಳದವಳು, ಎರಡು ತಿಂಗಳು ತನಗೆ ಸುಳ್ಳು ಹೇಳಿದ್ದಕ್ಕೆ ಅಳದವಳು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಹೆಗಲು ಕುಲುಕಿ ಕುಲುಕಿ, ತಾನು ಒಂದೊಂದು ಡಬ್ಬ ಜೋಡಿಸಿಟ್ಟ ಮನೆಯಲ್ಲಿ ಬೇರೆ ಯಾರೋ ಬಂದು ಕೂತಿದ್ದಾರೆಂದು ಅತ್ತಳು. ಅಝೀಮ್ ಎದ್ದು ಅವಳ ಹತ್ತಿರ ಹೋಗಿ ನಿಂತ. ಮುಟ್ಟಲು ಧೈರ್ಯವಾಗಲಿಲ್ಲ. ಊಟಕ್ಕೆ ಬನ್ನಿ ಎಂದು ಹೊರಗಿನಿಂದ ಹಸನಬ್ಬ ಕರೆದರು.